ಅರ್ಧ ಗ್ರಾಂ ಮದ್ದು, ಅರವತ್ತು ಸಾವಿರ ಮನೆ

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 812 ಬಾಣಂತಿಯರು ಒಂದು ಔಷಧ ನುಂಗಿದರು. ಅಷ್ಟೂ ಜನ ನುಂಗಿದ ಮದ್ದನ್ನು ಒಟ್ಟು ಮಾಡಿ ತೂಗಿದರೆ ಎಷ್ಟಾದೀತು? ತಲೆನೋವು ಬಂದಾಗ ನಾವು ನುಂಗುವ ಒಂದು ಪ್ಯಾರಾಸಿಟಮಾಲ್ ಗುಳಿಗೆಯಲ್ಲಿ 500 ಮಿಲಿಗ್ರಾಂ ಔಷಧ ಇರುತ್ತದೆ. ಆ 812 ತಾಯಂದಿರ ಪಾಲು ಎಲ್ಲ ಸೇರಿ 487 ಮಿಲಿಗ್ರಾಂ. ಅರ್ಧ ಗ್ರಾಂಗೂ ಕಮ್ಮಿ.

ಔಷಧದ ಹೆಸರು ಮಿಸೊಪ್ರೊಸ್ಟಾಲ್. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಕುಗ್ಗಿದರೆ ಮಾಸು ಬಿದ್ದ ಜಾಗದಲ್ಲಿ ಬಾಯ್ತೆರೆದ ರಕ್ತನಾಳಗಳು ಹಿಂಡಿಕೊಂಡು ಮುಚ್ಚುತ್ತವೆ. ಕುಗ್ಗದೆ ಸಡಿಲಾಗಿಯೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಬರುತ್ತಿರುತ್ತದೆ. ತಾಯಿಯ ಮೈಯಲ್ಲಿ ಇರುವುದು ಐದಾರು ಲೀಟರು. ಹತ್ತೇ ನಿಮಿಷದಲ್ಲಿ ಎಲ್ಲ ಮುಗಿದುಹೋಗಬಹುದು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಂಥ ಊರಿನಿಂದ ಬೆಳಗಾವಿಯ ದೊಡ್ಡ ದವಾಖಾನೆಗೆ ಸುಮಾರು ನೂರು ಕಿಲೋಮೀಟರು, ಎರಡು ತಾಸಿನ ದಾರಿ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ತಣ್ಣಗೆ ಇಟ್ಟುಕೊಳ್ಳಬೇಕು, ಚುಚ್ಚಲು ಬಲ್ಲವರು ಬೇಕು. ಮಿಸೊಪ್ರೊಸ್ಟಾಲ್‌ಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಮೂರು ಗುಳಿಗೆ, ಒಂದು ಗುಟುಕು ನೀರು.

ಆದರೆ ಅದು ನಿಜವಾಗಿ ಕೆಲಸ ಮಾಡುತ್ತದೆಯೇ? ಇದನ್ನು ತಿಳಿಯಲು ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರಾದ ಭಾಲಚಂದ್ರ ಕೊಡಕಣಿ, ಶಿವಪ್ರಸಾದ ಗೌಡರ್ ಮತ್ತಿತರರು ಅಮೆರಿಕದ ರಿಚರ್ಡ್ ಡರ್ಮನ್ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ತಾಯಂದಿರನ್ನು ಎರಡು ಪಾಲು ಮಾಡಿದರು. 812 ಮಂದಿಗೆ ಅಸಲಿ ಗುಳಿಗೆ; 808 ಮಂದಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಬಂತು ಎಂಬುದು ಬಾಣಂತಿಗೂ ಗೊತ್ತಿಲ್ಲ, ಕೊಟ್ಟ ಸಿಸ್ಟರಿಗೂ ಗೊತ್ತಿಲ್ಲ. ರಕ್ತ ಎಷ್ಟು ಹೋಯಿತೆಂದು ಅಳೆಯಲು ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಹಾಸನ್ನು ಇಲ್ಲಿಯೇ ರೂಪಿಸಿದರು. ಬಾಣಂತಿಯ ಕೆಳಗೆ ಹಾಸಿದರೆ ರಕ್ತವೆಲ್ಲ ಅದರ ತುದಿಯ ಚೀಲಕ್ಕೆ ಇಳಿಯುತ್ತದೆ, ಎಷ್ಟು ಮಿಲಿಲೀಟರ್ ಎಂದು ಗೆರೆ ನೋಡಿ ಓದಿಕೊಳ್ಳಬಹುದು. ಅದಕ್ಕೂ ಮೊದಲು ಎಲ್ಲವೂ ಕಣ್ಣಂದಾಜು. ಎರಡನ್ನೂ ಹೋಲಿಸಿ ನೋಡಿದಾಗ ಕಣ್ಣಂದಾಜು ಚೀಲದ ಲೆಕ್ಕಕ್ಕಿಂತ ಶೇ. 33ರಷ್ಟು ಕಮ್ಮಿ ಹೇಳುತ್ತಿತ್ತು. ಅಷ್ಟು ವರ್ಷ ಪ್ರತಿ ಮೂರು ಲೋಟ ರಕ್ತದಲ್ಲಿ ಒಂದು ಲೋಟ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಫಲಿತಾಂಶ 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಕಳೆದುಕೊಂಡವರು ನೂರಕ್ಕೆ 12. ಅಸಲಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 6.4. ಒಂದು ಲೀಟರ್ ದಾಟಿ ಹೋದವರು ಸಾವಿರಕ್ಕೆ 12 ಇದ್ದದ್ದು ಸಾವಿರಕ್ಕೆ 2ಕ್ಕೆ ಇಳಿಯಿತು. 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ವಿಪರೀತ ರಕ್ತಸ್ರಾವ ತಪ್ಪುತ್ತದೆ.

ಇದೇ ಲೆಕ್ಕವನ್ನು ಸರಾಸರಿಯಲ್ಲಿ ನೋಡಿ. ಗುಳಿಗೆ ಇಲ್ಲದೆ ಸರಾಸರಿ 262 ಮಿಲಿಲೀಟರ್, ಗುಳಿಗೆ ಇದ್ದರೆ 214. ಅಂತರ ಬರೀ 48 ಮಿಲಿಲೀಟರ್, ಅರ್ಧ ಕಪ್ ಚಹಾದಷ್ಟು. ಯಾವ ಸೂಲಗಿತ್ತಿಯ ಕಣ್ಣಿಗೂ, ಯಾವ ವೈದ್ಯರ ಅನುಭವಕ್ಕೂ ಇಷ್ಟು ಸಣ್ಣ ಅಂತರ ಕಾಣುವುದಿಲ್ಲ. ವರ್ಷಕ್ಕೆ ಐವತ್ತು ಹೆರಿಗೆ ಮಾಡಿಸುವ ಒಬ್ಬ ಸಿಸ್ಟರ್ ಇದ್ದಾಳೆ ಎನ್ನಿ. ಗುಳಿಗೆ ಇಲ್ಲದೆ ಆರು ಜನಕ್ಕೆ ಹೆಚ್ಚು ರಕ್ತ ಹೋಗುತ್ತದೆ, ಗುಳಿಗೆ ಇದ್ದರೆ ಮೂವರಿಗೆ. ಆದರೆ ಗುಳಿಗೆಯೇ ಇಲ್ಲದ ಒಂದು ವರ್ಷ ಮೂರಾಗಬಹುದು, ಇನ್ನೊಂದು ವರ್ಷ ಒಂಬತ್ತಾಗಬಹುದು. ಮೂರಾದ ವರ್ಷ ‘ದೇವರು ದೊಡ್ಡವನು’ ಅನ್ನುತ್ತಾಳೆ, ಒಂಬತ್ತಾದ ವರ್ಷ ಹಣೆಬರಹ ಅನ್ನುತ್ತಾಳೆ. ಅವಳದು ತಪ್ಪಲ್ಲ; ಐವತ್ತು ಹೆರಿಗೆಗಳೊಳಗೆ ಈ ಸತ್ಯ ಕಾಣಿಸಿಕೊಳ್ಳುವುದೇ ಇಲ್ಲ. 1,620 ಆದಾಗ ಮಾತ್ರ ಅದು ಎದ್ದು ನಿಲ್ಲುತ್ತದೆ. ಗುಳಿಗೆಗೆ ಯಾವ ಗುಣವೂ ಇಲ್ಲದಿದ್ದರೂ ಬರೀ ಕಾಕತಾಳೀಯವಾಗಿ ಇಷ್ಟು ಅಂತರ ಬರುವ ಸಂಭವ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಎಂದು ಲೆಕ್ಕ ಹೇಳಿತು.

ಈಗ ತಕ್ಕಡಿಯನ್ನು ಮತ್ತೆ ತೆಗೆಯೋಣ. ಒಬ್ಬಳಿಗೆ ಬೇಕಾದದ್ದು 600 ಮೈಕ್ರೋಗ್ರಾಂ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ಸಾವಿರಕ್ಕೆ ಹದಿನೇಳರಂತೆ ಹಿಡಿದರೂ ವರ್ಷಕ್ಕೆ ಎಂಬತ್ತು ಸಾವಿರ ಹೆರಿಗೆ. ಅಷ್ಟಕ್ಕೂ ಬೇಕಾಗುವ ಔಷಧ 50 ಗ್ರಾಂ ಮುಟ್ಟುವುದಿಲ್ಲ. ಬಂಗಾರದಂಗಡಿಯ ಲೆಕ್ಕದಲ್ಲಿ ಐದು ತೊಲದೊಳಗೆ ಇಡೀ ಜಿಲ್ಲೆ. ಕರ್ನಾಟಕದ ಸುಮಾರು ಹತ್ತು ಲಕ್ಷ ಹೆರಿಗೆಗೆ 600 ಗ್ರಾಂ. ಭಾರತದ ಸುಮಾರು ಎರಡೂವರೆ ಕೋಟಿ ಹೆರಿಗೆಗೆ 15 ಕಿಲೋ. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಹದಿಮೂರು ಕೋಟಿ ಚಿಲ್ಲರೆ ಹೆರಿಗೆ, ಅದಕ್ಕೆ ಎಂಬತ್ತು ಕಿಲೋ ಸಾಕು. ಎಲ್ಲರಿಗೂ ಇದನ್ನೇ ಕೊಡಬೇಕೆಂದಲ್ಲ. ಆಸ್ಪತ್ರೆಯಲ್ಲಿ ಹೆತ್ತವರಿಗೆ ಇಂದಿಗೂ ಆಕ್ಸಿಟೋಸಿನ್ನೇ ಮೊದಲ ಆಯ್ಕೆ. ಆದರೆ ಬೇಕೆಂದಾಗ ಬೇಕಾಗುವುದು ಇಷ್ಟೇ ಎಂದು ಗೊತ್ತಿದ್ದರೆ ‘ಬಡ ದೇಶಗಳಿಗೆ ಇದೆಲ್ಲ ಎಟುಕದು’ ಎಂಬ ಮಾತಿಗೆ ಉತ್ತರ ಸಿಕ್ಕಂತೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದಿದ್ದ ಪುರಾವೆಗಳಲ್ಲಿ ಬೆಳಗಾವಿಯ ಬಾಣಂತಿಯರದೂ ಒಂದು ಪಾಲು.

ಗೆರೆ ಹಾಕಿದ ಹಾಸಿನ ಕಥೆ ಇನ್ನೂ ದೂರ ಹೋಗುತ್ತದೆ. ಅದೇ ಬಗೆಯ ಹಾಸನ್ನು ಬಳಸಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಯಿತು. ಅದರಲ್ಲಿ 2,10,132 ತಾಯಂದಿರು. ಹಾಸಿನಿಂದ ರಕ್ತ ಅಳೆದು, ಮಿತಿ ದಾಟಿದ ಕೂಡಲೇ ಬೇಕಾದ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೇ ಶುರು ಮಾಡಿದ ಆಸ್ಪತ್ರೆಗಳಲ್ಲಿ ಗಂಡಾಂತರಕ್ಕೆ ಸಿಕ್ಕವರು ನೂರಕ್ಕೆ 1.6; ಹಳೆಯ ರೀತಿಯಲ್ಲೇ ನಡೆದ ಆಸ್ಪತ್ರೆಗಳಲ್ಲಿ 4.3. 2023ರಲ್ಲಿ ಈ ಫಲಿತಾಂಶ ಬಂದಾಗ ಬೆಳಗಾವಿಯ ಹಾಸಿಗೆ ಇಪ್ಪತ್ತು ವರ್ಷ ವಯಸ್ಸಾಗಿತ್ತು.

ಅಂತರ ಸಣ್ಣದಾದಷ್ಟೂ ಅದನ್ನು ಕಾಣಲು ಬೇಕಾಗುವ ಜನ ಹೆಚ್ಚು. ಹುಡುಕುವ ಅಂತರ ಅರ್ಧವಾದರೆ ಜನ ಎರಡು ಪಟ್ಟು ಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಬೇಕಾಗುವುದು ನಾಲ್ಕು ಪಟ್ಟು. ಬೆಳಗಾವಿಯ ಅದೇ ಕಾಲೇಜು ಪಾಲುಗೊಂಡ ಮುಂದಿನ ಎರಡು ಅಧ್ಯಯನಗಳನ್ನೇ ನೋಡಿ. ಚೊಚ್ಚಲ ಬಸುರಿಯರಿಗೆ ದಿನಕ್ಕೊಂದು ಸಣ್ಣ ಆಸ್ಪಿರಿನ್ ಕೊಟ್ಟರೆ ದಿನ ತುಂಬದ ಹೆರಿಗೆ ತಪ್ಪುತ್ತದೆಯೇ ಎಂದು ಆರು ದೇಶಗಳಲ್ಲಿ 11,976 ಮಂದಿಯನ್ನು ಸೇರಿಸಿಕೊಂಡರು. ಉತ್ತರ: ನೂರಕ್ಕೆ 13.1 ಇದ್ದದ್ದು 11.6 ಆಯಿತು. 67 ಬಸುರಿಯರು ಗುಳಿಗೆ ತಗೊಂಡರೆ ಒಂದು ಕೂಸು ತನ್ನ ದಿನ ತುಂಬಿಸಿಕೊಂಡು ಹುಟ್ಟುತ್ತದೆ. ಆಮೇಲೆ, ಹೆರಿಗೆಯ ಹೊತ್ತಿಗೆ ಅಜಿತ್ರೊಮೈಸಿನ್ ಒಂದೇ ಸಲ ನುಂಗಿಸಿದರೆ ತಾಯಿಗೆ ನಂಜು ತಗಲುವುದು ತಪ್ಪೀತೇ ಎಂದು ಏಳು ದೇಶಗಳಲ್ಲಿ 29,278 ಮಂದಿ. ಉತ್ತರ: ನಂಜು ಅಥವಾ ಸಾವು ನೂರಕ್ಕೆ 2.4 ಇದ್ದದ್ದು 1.6ಕ್ಕೆ ಇಳಿಯಿತು. 125 ಜನಕ್ಕೆ ಕೊಟ್ಟರೆ ಒಬ್ಬಳು ಪಾರು. ಅದರಿಂದ ಕೂಸುಗಳಿಗೇನೂ ಲಾಭವಾಗಲಿಲ್ಲ ಎಂಬುದನ್ನೂ ಆ ಮೂವತ್ತು ಸಾವಿರದ ಗುಂಪೇ ಹೇಳಿತು. 18, 67, 125. ಆ 125 ಮಂದಿಯಲ್ಲಿ ಪಾರಾದವಳು ಯಾರೆಂದು ಅವಳಿಗೂ ಎಂದೂ ತಿಳಿಯುವುದಿಲ್ಲ.

ಗುಳಿಗೆಯ ಲೆಕ್ಕ ಮೈಕ್ರೋಗ್ರಾಂನಲ್ಲಿ ಮುಗಿಯಿತು. ರೊಕ್ಕದ ಲೆಕ್ಕ ಶುರುವಾಗುವುದು ಕೋಟಿಯಿಂದ.

2021-22ನೇ ಸಾಲಿನಲ್ಲಿ ಭಾರತದಲ್ಲಿ ಆರೋಗ್ಯಕ್ಕೆ ಎಲ್ಲರೂ ಸೇರಿ ಮಾಡಿದ ಖರ್ಚು 9,04,461 ಕೋಟಿ ರೂಪಾಯಿ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ತಲೆಗೆ 6,602 ರೂಪಾಯಿ. ಇದರಲ್ಲಿ ಸರ್ಕಾರವೂ ಕೊಡದೆ, ವಿಮೆಯೂ ಕೊಡದೆ, ಜನ ಆಸ್ಪತ್ರೆ ಕೌಂಟರಿನಲ್ಲಿ, ಔಷಧಿ ಅಂಗಡಿಯಲ್ಲಿ ತಮ್ಮ ಕಿಸೆಯಿಂದಲೇ ಎಣಿಸಿ ಕೊಟ್ಟದ್ದು 3,56,254 ಕೋಟಿ. ದಿನಕ್ಕೆ ಭಾಗಿಸಿದರೆ 976 ಕೋಟಿ. ನಿಮಿಷಕ್ಕೆ ಸುಮಾರು 68 ಲಕ್ಷ. ಇದು ಕಮ್ಮಿಯಾದ ಮೇಲಿನ ಲೆಕ್ಕ! 2004-05ರಲ್ಲಿ ನೂರು ರೂಪಾಯಿ ಖರ್ಚಿನಲ್ಲಿ 69 ರೂಪಾಯಿ ಕಿಸೆಯದಾಗಿತ್ತು, 2021-22ರ ಹೊತ್ತಿಗೆ 39ಕ್ಕೆ ಇಳಿದಿದೆ. ಕಿಸೆ ಖಾಲಿಯಾದಾಗ ಕೈಗಡ, ಬಡ್ಡಿ ಸಾಲ, ಕೊನೆಗೆ ಹೊಲ. ಇವು ಯಾವ ಲೆಕ್ಕಪತ್ರದಲ್ಲೂ ಪೂರ್ತಿ ಬರುವುದಿಲ್ಲ.

ಈ ಭಾರ ಇಳಿಸಲು ಕರ್ನಾಟಕ ಮಾಡಿದ ಪ್ರಯತ್ನಗಳೂ ಅಂಕಿಗಳ ದೊಡ್ಡಾಟವೇ. 2003ರಲ್ಲಿ ಶುರುವಾದ ಯಶಸ್ವಿನಿಯಲ್ಲಿ ಸಹಕಾರ ಸಂಘದ ರೈತ ತಿಂಗಳಿಗೆ ಐದು ರೂಪಾಯಿ ಕಟ್ಟಬೇಕಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಐದು ರೂಪಾಯಿಯಲ್ಲಿ ಒಂದು ಹೊಲಿಗೆಯೂ ಹಾಕಲಾಗದು. 16 ಲಕ್ಷ ಜನ ವರ್ಷವಿಡೀ ಕೊಟ್ಟ ಐದೈದು ರೂಪಾಯಿ ಸೇರಿದರೆ 9 ಕೋಟಿ 60 ಲಕ್ಷ. ಸರ್ಕಾರ ತನ್ನ ಪಾಲನ್ನೂ ಸೇರಿಸಿತು. ಆಪರೇಷನ್ ಬೇಕಾದವರು ಕೆಲವರೇ, ಕೊಡುವವರು ಎಲ್ಲರೂ. ವಿಮೆಯ ಗುಟ್ಟು ಇಷ್ಟೇ.

2010ರಲ್ಲಿ ಬಂದದ್ದು ವಾಜಪೇಯಿ ಆರೋಗ್ಯಶ್ರೀ. ಇದರಲ್ಲಿ ಬಿಪಿಎಲ್ ಕುಟುಂಬ ಏನೂ ಕಟ್ಟಬೇಕಿಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಸಾಲದಿದ್ದರೆ ಮತ್ತೆ ಐವತ್ತು ಸಾವಿರ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಪಾವತಿ ಮಾಡುತ್ತಿತ್ತು. ಯೋಜನೆ ಒಮ್ಮೆಗೇ ರಾಜ್ಯದ ತುಂಬ ಬರಲಿಲ್ಲ. ಮೊದಲು ಕಲಬುರಗಿ ವಿಭಾಗ, ಅದೇ ವರ್ಷ ಬೆಳಗಾವಿ ವಿಭಾಗ. ದಕ್ಷಿಣದ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು. ಹೀಗಾಗಿ ಎರಡು ವರ್ಷ ಕರ್ನಾಟಕದ ನಡುವೆ ಒಂದು ಗೆರೆ ಇತ್ತು. ಸಾಲಹಳ್ಳಿಯ ಬಡವನಿಗೆ ಹೃದಯದ ಆಪರೇಷನ್ ಪುಕ್ಕಟೆ. ಗೆರೆಯಾಚೆ ದಾವಣಗೆರೆ ಜಿಲ್ಲೆಯ ಬಡವನಿಗೆ ಇಲ್ಲ.

ಆಡಳಿತದ ಅನುಕೂಲಕ್ಕೆ ಎಳೆದ ಈ ಗೆರೆ ಸಂಶೋಧಕರ ಕಣ್ಣಿಗೆ ಬಿತ್ತು. ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮೊದಲಾದವರು ಗೆರೆಯ ಎರಡೂ ಬದಿಯ ಹಳ್ಳಿಗಳನ್ನು ಆರಿಸಿಕೊಂಡರು. ಅದೇ ಮಳೆ, ಅದೇ ಬೆಳೆ, ಅದೇ ಬಡತನ. ಯೋಜನೆ ಇರುವ ಬದಿ 300 ಹಳ್ಳಿ, 31,476 ಮನೆ. ಇಲ್ಲದ ಬದಿ 272 ಹಳ್ಳಿ, 28,633 ಮನೆ. ಒಟ್ಟು 60,109 ಮನೆಗಳ ಬಾಗಿಲು ಬಡಿದರು. ಒಬ್ಬನೇ ಮನುಷ್ಯ ದಿನಕ್ಕೆ ಹತ್ತು ಮನೆಯಂತೆ ರವಿವಾರವೂ ಬಿಡದೆ ತಿರುಗಿದ್ದರೆ ಹದಿನಾರೂವರೆ ವರ್ಷ ಬೇಕಾಗುತ್ತಿತ್ತು. ಕೇಳಿದ್ದು: ಮನೆಯಲ್ಲಿ ಯಾರಾದರೂ ತೀರಿಕೊಂಡರೇ? ಯಾವ ಕಾಯಿಲೆ? ದವಾಖಾನೆಗೆ ಎಷ್ಟು ಖರ್ಚಾಯಿತು?

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಉತ್ತರ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಗೆರೆಯ ತೆಂಕಣ ಬದಿಯ ಬಡ ಮನೆಗಳಲ್ಲಿ ನೂರಕ್ಕೆ 0.90, ಬಡಗಣ ಬದಿಯಲ್ಲಿ 0.32. ಶೇ. 64ರಷ್ಟು ಕಮ್ಮಿ. ದೊಡ್ಡಾಸ್ಪತ್ರೆಗೆ ಸೇರಿದಾಗ ಕಿಸೆಯಿಂದ ಹೋದ ಖರ್ಚೂ ಅಷ್ಟೇ ಪ್ರಮಾಣದಲ್ಲಿ ಇಳಿದಿತ್ತು.

‘ಬಡಗಣ ಬದಿಯಲ್ಲಿ ಬೇರೇನೋ ಕಾರಣ ಇದ್ದಿರಬಹುದು’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೂ ಮನೆಗಳೇ ಉತ್ತರ ಕೊಟ್ಟವು. ಆ ಅರವತ್ತು ಸಾವಿರದಲ್ಲಿ 15,546 ಮನೆಗಳು ಬಡತನದ ರೇಖೆಯ ಮೇಲಿನವು, ಯೋಜನೆ ಸಿಗದವು. ನೀರಿನಲ್ಲೋ ಗಾಳಿಯಲ್ಲೋ ಆಸ್ಪತ್ರೆಗಳ ಗುಣಮಟ್ಟದಲ್ಲೋ ವ್ಯತ್ಯಾಸ ಇದ್ದಿದ್ದರೆ ಈ ಮನೆಗಳಲ್ಲೂ ಸಾವು ಬಡಗಣ ಬದಿಯಲ್ಲಿ ಕಮ್ಮಿಯಿರಬೇಕಿತ್ತು. ಇರಲಿಲ್ಲ. ಬದಲಾದದ್ದು ಯೋಜನೆ ತಲುಪಿದ ಮನೆಗಳಲ್ಲಿ ಮಾತ್ರ.

ಸಾವಿರಕ್ಕೆ 9 ಇದ್ದದ್ದು 3 ಚಿಲ್ಲರೆ ಆಯಿತು. ಸಾವಿರಕ್ಕೆ ಆರರ ಈ ಅಂತರವೂ ಊರೊಳಗೆ ಕೂತರೆ ಕಾಣುವಂಥದ್ದಲ್ಲ. ಊರಿನಲ್ಲಿ ಸತ್ತವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಸಾಯದೆ ಉಳಿದ ಆರು ಜನ ಚಾವಡಿ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕೂತಿದ್ದರೂ ಇವರೇ ಆ ಆರು ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ.

ಹಾಗಾದರೆ ಕಾರ್ಡ್ ಹಂಚಿದರೆ ಸಾಕೇ? ಇದೇ ರಾಜ್ಯದ ಇನ್ನೊಂದು ಎಣಿಕೆ ಸಾಲದು ಅನ್ನುತ್ತದೆ. ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳ 435 ಹಳ್ಳಿಗಳಲ್ಲಿ, 10,879 ಕುಟುಂಬಗಳ 52,292 ಜನರನ್ನು ಸೇರಿಸಿಕೊಂಡು ಸಂಶೋಧಕ ಅನೂಪ್ ಮಲಾನಿ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ವಿಮೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯದು, ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ. ಬಡತನದ ರೇಖೆಗಿಂತ ಮೇಲಿದ್ದು ಅಲ್ಲಿಯವರೆಗೆ ಈ ವಿಮೆ ಸಿಗದಿದ್ದ ಕುಟುಂಬಗಳಲ್ಲಿ ಕೆಲವಕ್ಕೆ ಪುಕ್ಕಟೆ, ಕೆಲವಕ್ಕೆ ಬೆಲೆಗೆ, ಕೆಲವಕ್ಕೆ ಬೆಲೆಯ ಜೊತೆ ನಗದು, ಉಳಿದವಕ್ಕೆ ಏನೂ ಇಲ್ಲ. ಯಾರಿಗೆ ಏನು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಪುಕ್ಕಟೆ ಕೊಟ್ಟಾಗ ನೂರಕ್ಕೆ 79 ಕುಟುಂಬಗಳು ಸೇರಿದವು. ದುಡ್ಡು ಕೊಟ್ಟು ಕೊಳ್ಳಿ ಎಂದಾಗಲೂ 60 ಕುಟುಂಬಗಳು ಕೊಂಡವು! ಹಳ್ಳಿಯ ಜನ ವಿಮೆಗೆ ರೊಕ್ಕ ಬಿಚ್ಚುವುದಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಆದರೆ ಆರೋಗ್ಯ? ಹತ್ತಾರು ಬಗೆಯಲ್ಲಿ ಅಳೆದರೂ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಕಾರ್ಡ್ ಇದ್ದ ಬಹಳ ಜನರಿಗೆ ಅದನ್ನು ಬಳಸಲಿಕ್ಕೇ ಆಗಿರಲಿಲ್ಲ. ಒಂದು ಸಂಗತಿ ಮಾತ್ರ ಗಮನ ಸೆಳೆಯಿತು: ಹೆಚ್ಚು ಮನೆಗಳಿಗೆ ವಿಮೆ ಕೊಟ್ಟ ಊರುಗಳಲ್ಲಿ ಅದರ ಬಳಕೆಯೂ ಹೆಚ್ಚಿತ್ತು. ಕಾರ್ಡ್ ಎಲ್ಲಿ, ಯಾವಾಗ, ಹೇಗೆ ತೋರಿಸಬೇಕೆಂದು ಜನ ಅಕ್ಕಪಕ್ಕದವರನ್ನು ನೋಡಿ ಕಲಿತಿದ್ದರು. ಆರೋಗ್ಯಶ್ರೀಯಲ್ಲಿ ಈ ಕಲಿಸುವ ಕೆಲಸವನ್ನು ಯೋಜನೆಯೇ ವಹಿಸಿಕೊಂಡಿತ್ತು. ಆಸ್ಪತ್ರೆಗಳು ಹಳ್ಳಿಗೆ ಬಂದು ತಪಾಸಣೆ ಶಿಬಿರ ಮಾಡುತ್ತಿದ್ದವು, ಆಸ್ಪತ್ರೆಯಲ್ಲಿ ದಾರಿ ತೋರಿಸಲು ಆರೋಗ್ಯಮಿತ್ರ ಇರುತ್ತಿದ್ದ. ಎರಡು ಯೋಜನೆಗಳ ಜನ ಬೇರೆ, ಕಾಯಿಲೆಗಳು ಬೇರೆ, ಹಣದ ಮಿತಿಯೂ ಬೇರೆ; ಒಂದನ್ನು ಇನ್ನೊಂದರ ತಲೆಯ ಮೇಲೆ ಇಟ್ಟು ಅಳೆಯುವಂತಿಲ್ಲ. ಆದರೂ ಕಾರ್ಡಿಗೂ ಆಪರೇಷನ್ ಥಿಯೇಟರಿಗೂ ನಡುವಿನ ದಾರಿಯನ್ನು ರೋಗಿ ಒಬ್ಬನೇ ಹುಡುಕಿಕೊಳ್ಳಬೇಕಾದಾಗ ಏನಾಗುತ್ತದೆ ಎಂಬುದನ್ನು ಈ 52,292 ಜನ ತೋರಿಸಿಕೊಟ್ಟರು.

ಮತ್ತೆ ಬಾಣಂತಿಯರ ಲೆಕ್ಕಕ್ಕೆ ಬರೋಣ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ 69. ಹತ್ತು ಲಕ್ಷ ಹೆರಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,600 ತಾಯಂದಿರ ಜೀವ. ಇದರಲ್ಲಿ ಗುಳಿಗೆಯ ಪಾಲೆಷ್ಟು, 108 ಆಂಬುಲೆನ್ಸಿನ ಪಾಲೆಷ್ಟು, ಆಶಾ ಕಾರ್ಯಕರ್ತೆಯರದೆಷ್ಟು, ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆ 97ಕ್ಕೆ ಏರಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎಲ್ಲವೂ ಎಲ್ಲ ಕಡೆಗೂ ಬಂದವು, ಹೋಲಿಸಿ ನೋಡಲು ಆಚೆ ಬದಿ ಉಳಿಯಲಿಲ್ಲ. 2012ರಲ್ಲಿ ಆರೋಗ್ಯಶ್ರೀ ದಕ್ಷಿಣಕ್ಕೂ ಬಂದಾಗ ಆ ಗೆರೆ ಅಳಿಸಿಹೋಯಿತು, ಅಳಿಯಲೇಬೇಕಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕ ಆಯುಷ್ಮಾನ್ ಭಾರತದ ಜೊತೆ ಸೇರಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ಭರವಸೆ ಕೊಟ್ಟಾಗ ಅಷ್ಟು ಸ್ಪಷ್ಟವಾದ ಗೆರೆ ಎಲ್ಲೂ ಇರಲಿಲ್ಲ.

ಯಾವ ಹೊಸ ಯೋಜನೆಯೂ 31 ಜಿಲ್ಲೆಗಳಿಗೆ ಒಂದೇ ದಿನ ತಲುಪುವುದಿಲ್ಲ. ಔಷಧಿ ಬರಬೇಕು, ಸಿಬ್ಬಂದಿಗೆ ತರಬೇತಿ ಆಗಬೇಕು, ಅನುದಾನ ಬಿಡುಗಡೆಯಾಗಬೇಕು. ಮೊದಲು ಯಾವ ತಾಲೂಕು ಎಂಬುದನ್ನು ಇಂದು ನಿರ್ಧರಿಸುವುದು ಯಾರ ಕೈ ಮೇಲಿದೆ ಎಂಬುದು. ಅದರ ಬದಲು ಎಲ್ಲರ ಎದುರು ಚೀಟಿ ಎತ್ತಿ ರಾಮದುರ್ಗಕ್ಕೆ ಈ ವರ್ಷ, ಸವದತ್ತಿಗೆ ಮುಂದಿನ ವರ್ಷ, ಬೈಲಹೊಂಗಲಕ್ಕೆ ಈ ವರ್ಷ, ಕಿತ್ತೂರಿಗೆ ಮುಂದಿನ ವರ್ಷ ಎಂದು ಗೊತ್ತು ಮಾಡಿದರೆ ಯಾರಿಗೂ ಈಗಿನದಕ್ಕಿಂತ ಹೆಚ್ಚು ಅನ್ಯಾಯವಾಗುವುದಿಲ್ಲ. ನಡುವಿನ ಒಂದು ವರ್ಷ ಎರಡೂ ಕಡೆ ಮನೆಮನೆಗೆ ಹೋಗಿ ಸಾವನ್ನೂ ಸಾಲವನ್ನೂ ಎಣಿಸಿದರೆ ಸಾಕು, ಯೋಜನೆ ಉಳಿಸಿದ್ದೆಷ್ಟು ಎಂಬುದು ಕೈಗೆ ಸಿಗುತ್ತದೆ. ಎಷ್ಟು ಕಾರ್ಡ್ ಹಂಚಿದಿರಿ, ಎಷ್ಟು ಕೋಟಿ ಬಿಡುಗಡೆಯಾಯಿತು ಎಂದು ವಿಧಾನಸಭೆಯಲ್ಲಿ ಪ್ರತಿ ಅಧಿವೇಶನದಲ್ಲೂ ಕೇಳುತ್ತಾರೆ. ಪಕ್ಕದ ತಾಲೂಕಿಗಿಂತ ಇಲ್ಲಿ ಎಷ್ಟು ಜನ ಹೆಚ್ಚು ಬದುಕಿ ಉಳಿದರು ಎಂದೂ ಒಬ್ಬ ಶಾಸಕ ಕೇಳಲಿ.